ಗಾಳ ದುಬಾರಿ, ಮೀನು ಪರಾರಿ

ಮೀನು ಹಿಡಿಯಲು ಬೇಕಾದ ಸಕಲ ಸಾಮಗ್ರಿಯೂ ರಜೆಯ ದಿನ ಬೆಳಿಗ್ಗೆ ಸತ್ಯಮಂಗಲದ ಘಾಟಿಯಲ್ಲಿರುವ ದಿಂಬಂಗೆ ಬಂದು ಸೇರುತ್ತದೆ, ನೀರೊಂದನ್ನು ಬಿಟ್ಟು. ಕೊಯಮತ್ತೂರಿನವರು ಬನ್ನಾರಿಯಿಂದ 27 ತಿರುವು ಹತ್ತಿ ಬರುತ್ತಾರೆ. ಬೆಂಗಳೂರಿನವರು ಚಾಮರಾಜನಗರ, ಹಾಸನೂರು ದಾಟಿ ಬರುತ್ತಾರೆ. ಬೆಟ್ಟದ ನೆತ್ತಿಯಲ್ಲಿ ಟೀ ಹೀರುತ್ತಿರುವಾಗ ಕಾರಿನ ಡಿಕ್ಕಿ ತೆರೆದುಕೊಳ್ಳುತ್ತದೆ. ತೆರೆಯಲೇಬೇಕು. ಅಷ್ಟು ದುಡ್ಡು ಸುರಿದು ತಂದದ್ದನ್ನು ಮೀನಿಗೆ ಮಾತ್ರ ತೋರಿಸಿದರೆ ಗಿಟ್ಟೀತೆ?

ಡಿಕ್ಕಿಯಲ್ಲಿ ಮೂರು ಅಂತಸ್ತಿನ ಪೆಟ್ಟಿಗೆ. ಮೇಲಿನ ಅಂತಸ್ತಿನಲ್ಲಿ ರಬ್ಬರ್ ಕಪ್ಪೆಗಳು ಸಾಲಾಗಿ ಕೂತಿವೆ: ಹಸಿರು, ಹಳದಿ, ಮತ್ತೆ ಯಾವ ಕೆರೆಯಲ್ಲೂ ಹುಟ್ಟದ ಗುಲಾಬಿ ಬಣ್ಣದ್ದೊಂದು. ನಡುವಿನ ಅಂತಸ್ತಿನಲ್ಲಿ ಪ್ಲಾಸ್ಟಿಕ್ ಮೀನುಗಳು. ಹೊಟ್ಟೆಯೊಳಗೆ ಗುಂಡು ಇರುವುದರಿಂದ ಅಲ್ಲಾಡಿಸಿದರೆ ಗಿಲಗಿಲ ಎನ್ನುತ್ತವೆ. ಕೆಳಗಿನ ಅಂತಸ್ತಿನಲ್ಲಿ ಗಾಳಗಳು, ಇನ್ನೂ ಪ್ಯಾಕೆಟ್ಟಿನಲ್ಲೇ. ಗುಲಾಬಿ ಕಪ್ಪೆಯ ತೊಡೆಗೆ ಅಂಟಿಸಿದ ಬೆಲೆ ಚೀಟಿಯನ್ನೂ ಕಿತ್ತಿಲ್ಲ.

“ಈ ಕಪ್ಪೆ ಎಷ್ಟು ಸಾ?” ಎಂದು ಟೀ ಕೊಡುವವನು ಕೇಳುತ್ತಾನೆ.

“ಆರುನೂರು.”

“ನಮ್ ಕೆರೇಲಿ ಜೀವ ಇರೋವೇ ಪುಕ್ಸಟ್ಟೆ ಸಿಕ್ತವೆ ಸಾ.”

ಇವನಿಗೆ ಏನು ಗೊತ್ತು ಎನ್ನುವ ನಗೆಯೊಂದು ಕಾರಿನ ಕಡೆಯಿಂದ ಹೊರಡುತ್ತದೆ. ಆ ಮೇಲೆ ರೀಲು ಹೊರಬರುತ್ತದೆ. ಜಪಾನಿನ ಶಿಮಾನೊ. 1921ರಲ್ಲಿ ಒಸಾಕಾ ಬಳಿಯ ಸಾಕಾಯಿಯಲ್ಲಿ ಸೈಕಲ್ ಬಿಡಿಭಾಗ ಮಾಡಲು ಹುಟ್ಟಿದ ಕಂಪನಿ ಅದು. ಇವತ್ತಿಗೂ ಸೈಕಲ್ ಗೇರಿಗೆ ಅದೇ ಹೆಸರುವಾಸಿ. ಅದರ ಸ್ಟೆಲ್ಲಾ ರೀಲು ಒಂದಕ್ಕೆ ಅರ್ಧ ಲಕ್ಷ ಸಾಲದು. ಅದೇ ದುಡ್ಡಿಗೆ ಗೇರ್ ಸೈಕಲ್ ಕೊಂಡು ಬನ್ನಾರಿಯಿಂದ ತುಳಿದಿದ್ದರೆ ಮೀನು ಸಿಗದಿದ್ದರೂ ಹೊಟ್ಟೆ ಕರಗುತ್ತಿತ್ತು. ದಾರ ಫ್ಲೋರೋಕಾರ್ಬನ್‌ದು. ನೀರಿಗಿಳಿದರೆ ಮೀನಿನ ಕಣ್ಣಿಗೆ ಕಾಣುವುದಿಲ್ಲವಂತೆ. ನಿಜವೇ ಇರಬೇಕು, ಈ ದಾರ ಬಿದ್ದ ಕಡೆ ನೋಡಲು ಮೀನೇ ಇರುವುದಿಲ್ಲ. ಇನ್ನು ನೀರಿನ ಅಡಿಯಲ್ಲಿ ಮೀನೆಲ್ಲಿದೆ ಎಂದು ಪರದೆಯ ಮೇಲೆ ತೋರಿಸುವ ಸೋನಾರ್ ಯಂತ್ರ. ಮೀನು ಎಲ್ಲಿದೆ ಎಂದು ತಿಳಿಯುವುದೇ ಮೀನು ಹಿಡಿಯುವ ವಿದ್ಯೆಯ ಮುಕ್ಕಾಲು ಪಾಲು. ಅದನ್ನು ಯಂತ್ರಕ್ಕೆ ಒಪ್ಪಿಸಿದ ಮೇಲೆ ಉಳಿದ ಕಾಲು ಪಾಲು ತಿನ್ನುವುದು. ಅದಕ್ಕೆ ರಾಡು ಯಾಕೆ?

ನನಗೆ ಸಾಮಾನಿನ ಮೇಲೆ ಸಿಟ್ಟಿಲ್ಲ. ಕಾಯುವ ಕೆಲಸವನ್ನು ದುಡ್ಡು ಕೊಟ್ಟು ತಪ್ಪಿಸಿಕೊಳ್ಳಬಹುದು ಎಂಬ ನಂಬಿಕೆ ಇದೆಯಲ್ಲ, ಅದನ್ನು ಕಂಡರೆ ನಗು ಬರುತ್ತದೆ. ತೇಜಸ್ವಿಯವರ ‘ಪರಿಸರದ ಕಥೆ’ ಓದಿ ರಾಡು ಕೊಂಡವರು ಕನ್ನಡದಲ್ಲಿ ಕಡಿಮೆಯೇನಿಲ್ಲ. ಕೊಂಡವರಲ್ಲಿ ಅರ್ಧ ಜನ ನೀರಿನ ದಡದಲ್ಲಿ ಸುಮ್ಮನೆ ಕೂರುವ ಪುಟಗಳನ್ನು ಹಾರಿಸಿ ಓದಿರಬೇಕೆಂದು ನನ್ನ ಗುಮಾನಿ.

ಈ ಘಾಟಿಯಲ್ಲಿ ಗಾಳದ ವಿದ್ಯೆಯನ್ನು ಸರಿಯಾಗಿ ಕಲಿತವರು ಇಲ್ಲವೆಂದಲ್ಲ. ಅವಕ್ಕೆ ನಾಲ್ಕು ಕಾಲು. ತಾಳವಾಡಿ ಸೀಮೆಯ ಕಬ್ಬು ಸತ್ಯಮಂಗಲದ ಕಡೆಯ ಸಕ್ಕರೆ ಕಾರ್ಖಾನೆಗೆ ಇಳಿಯುವುದು ಇದೇ ರಸ್ತೆಯಲ್ಲಿ. ಹಾಸನೂರಿನಿಂದ ಕಾರಪಳ್ಳಂ ಚೆಕ್‌ಪೋಸ್ಟಿನವರೆಗೆ ಆನೆ ಬಂದು ರಸ್ತೆಯ ಅಂಚಿನಲ್ಲಿ ನಿಲ್ಲುತ್ತದೆ, ಒಮ್ಮೊಮ್ಮೆ ಮರಿಯನ್ನೂ ಜೊತೆಗಿಟ್ಟುಕೊಂಡು. ಬಸ್ಸು ಹೋದರೆ ಕಿವಿ ಕೂಡ ಅಲ್ಲಾಡಿಸದು, ಕಾರು ಹೋದರೆ ಕಣ್ಣೆತ್ತಿ ನೋಡದು. ಕಬ್ಬಿನ ಲಾರಿ ಏರು ಹತ್ತಲಾರದೆ ಮುಲುಗುತ್ತ ಬಂತೋ, ಎರಡು ಹೆಜ್ಜೆ ಮುಂದಿಟ್ಟು ಅಡ್ಡ ನಿಲ್ಲುತ್ತದೆ. ಡ್ರೈವರ್ ಹಾರ್ನ್ ಹೊಡೆಯುತ್ತಾನೆ, ಲೈಟ್ ಹಾಕುತ್ತಾನೆ, ಕೊನೆಗೆ ಕ್ಲೀನರ್ ಮೇಲೆ ಹತ್ತಿ ಒಂದು ಕಂತೆ ಎಸೆಯುತ್ತಾನೆ. ಆನೆ ಎತ್ತಿಕೊಂಡು ದಾರಿ ಬಿಡುತ್ತದೆ. ಯಾವ ಜಾಗದಲ್ಲಿ ಬೇಟೆ ನಿಧಾನವಾಗುತ್ತದೆ, ಯಾವ ಹೊತ್ತಿಗೆ ಬರುತ್ತದೆ, ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು, ಎಲ್ಲವೂ ಅದಕ್ಕೆ ಕರತಲಾಮಲಕ. ಕರವೇ ಸೊಂಡಿಲು ಅನ್ನುವುದೊಂದು ಬಿಟ್ಟರೆ. ಎತ್ತರ ಮೀರಿ ತುಂಬಿದ ಕಬ್ಬನ್ನು ಚೆಕ್‌ಪೋಸ್ಟ್ ಹತ್ತಿರ ಕಿತ್ತೆಸೆದು ಅದನ್ನು ಈ ಚಟಕ್ಕೆ ಹಚ್ಚಿದವರು ನಾವೇ, ಆ ಮಾತು ಬೇರೆ. ಆದರೆ ಸೋನಾರ್ ಇಲ್ಲದೆ ಕಲಿತದ್ದು ಮಾತ್ರ ಆನೆಯೇ.

ದುಬಾರಿ ರಾಡಿನ ವ್ಯಾಮೋಹ ಹೊಸದೇನಲ್ಲ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್, ಭಾರತದಲ್ಲಿ ಗಾಳ ಹಾಕುವ ಬಗ್ಗೆ ‘ದ ರಾಡ್ ಇನ್ ಇಂಡಿಯಾ’ ಎಂಬ ದಪ್ಪ ಪುಸ್ತಕ ಬರೆದು 1873ರಲ್ಲಿ ಹೊರತಂದರು. ಅದು ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ನಿನಲ್ಲಿ. ಸಾಹೇಬರ ಕಣ್ಣು ಇದ್ದದ್ದು ಮಾಶೀರ್ ಮೇಲೆ, ನಮ್ಮ ಕಾವೇರಿ ದಡದವರ ಬಿಳಿಮೀನಿನ ಮೇಲೆ. 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ, ಅಂದರೆ ಸುಮಾರು 54 ಕಿಲೋ ತೂಕದ ಮಾಶೀರನ್ನು ಎಳೆದು ಹಾಕಿದವರು ಮೈಸೂರಿನಲ್ಲಿ ಸತ್ತ ಹುಲಿಗಳನ್ನು ಬದುಕಿದಂತೆ ಕಾಣಿಸುತ್ತಿದ್ದ ವ್ಯಾನ್ ಇಂಗೆನ್ ಮನೆತನದವರೊಬ್ಬರು. ಆಗ ಕಾರ್ಬನ್ ರಾಡೂ ಇರಲಿಲ್ಲ, ಪರದೆಯ ಮೇಲೆ ಮೀನು ತೋರಿಸುವ ಪೆಟ್ಟಿಗೆಯೂ ಇರಲಿಲ್ಲ. ಹೊಳೆಯ ಪರಿಚಯ ಇತ್ತು.

1970ರ ದಶಕದ ಕೊನೆಯಿಂದ ಇಂಗ್ಲೆಂಡಿನ ಗಾಳಗಾರರು ಮತ್ತೆ ಕಾವೇರಿಗೆ ಬರತೊಡಗಿದರು. ಮುಂದೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಶಿಬಿರಗಳೇ ಎದ್ದವು. ವಿಮಾನದಲ್ಲಿ ಬಂದ ರಾಡು, ವಿಮಾನದಲ್ಲಿ ಬಂದ ರೀಲು, ಗಾಳದ ಕೊಕ್ಕೆ ಕೂಡ ಪರದೇಶದ್ದೇ. ಕೊಕ್ಕೆಯ ತುದಿಗೆ ಏನು ಸಿಕ್ಕಿಸುತ್ತಿದ್ದರು ಗೊತ್ತೆ? ರಾಗಿ ಮುದ್ದೆ! ಊರಿನವನೊಬ್ಬ ಹಿಟ್ಟು ಕಲಸಿ, ಚಿಳ್ಳೆ ಮೀನು ಕಚ್ಚಿ ಚದುರಿಸದಂತೆ ಗಟ್ಟಿಯಾಗಿ ಬೇಯಿಸಿ, ಉಂಡೆ ಕಟ್ಟಿ ಕೊಡಬೇಕು. ಯಾವ ಬಂಡೆಯ ಹಿಂದೆ ಎಸೆಯಬೇಕೆಂದು ಅವನೇ ಬೆರಳು ತೋರಿಸಬೇಕು. ಮೀನು ಕಚ್ಚಿಕೊಂಡು ಬಂಡೆಯ ಸಂದಿಗೆ ನುಗ್ಗಿ ದಾರ ಸಿಕ್ಕಿಕೊಂಡರೆ ಹರಿಗೋಲು ಹಾಕಿ ಬಿಡಿಸಬೇಕಾದವನೂ ಅವನೇ. ಕೊನೆಗೆ ಮೀನನ್ನು ತಬ್ಬಿಕೊಂಡ ಫೋಟೋದಲ್ಲಿ ಸಾಹೇಬರು ನಡುವೆ, ಅವನು ಅಂಚಿನಲ್ಲಿ, ಸೊಂಟದವರೆಗೆ ನೀರಿನಲ್ಲಿ.

ಹಾಗಂತ ಬಡವನ ಕೈಯಲ್ಲಿದ್ದದ್ದೆಲ್ಲ ಪುಣ್ಯದ ಕೆಲಸ ಎಂದು ನಾನು ಭಜನೆಗೆ ಕೂರುವುದಿಲ್ಲ. ತೋಟೆ ಸಿಡಿಸಿ ಮಡುವಿಗೆ ಮಡುವನ್ನೇ ಕೊಲ್ಲುವುದೂ ಕಡಿಮೆ ಖರ್ಚಿನ ಮೀನುಗಾರಿಕೆಯೇ. ಅದಕ್ಕೆ ಚೂರೂ ತಾಳ್ಮೆ ಬೇಡ. ತೋಟೆ ಎಸೆಯುತ್ತಿದ್ದ ಕೆಲವರೇ ಆ ಶಿಬಿರಗಳಲ್ಲಿ ಕೆಲಸಕ್ಕೆ ಸೇರಿ, ಹಿಡಿದ ಮೀನನ್ನು ತೂಗಿ ಮತ್ತೆ ಹೊಳೆಗೆ ಬಿಡುವುದನ್ನು ಕಲಿತದ್ದೂ ಉಂಟು. ಲಕ್ಷದ ರಾಡಿನವನಿಗೂ ತೋಟೆಯವನಿಗೂ ನನ್ನ ಲೆಕ್ಕದಲ್ಲಿ ಒಂದೇ ರೋಗ: ಇಬ್ಬರಿಗೂ ಬಿಡುವಿಲ್ಲ. ನಡುವೆ ಉಳಿದವನು ಬಿದಿರು ಕಡ್ಡಿ, ನಾಲ್ಕು ಮೊಳ ದಾರ, ಚಿಪ್ಪಿನ ತುಂಬ ಎರೆಹುಳು ಹಿಡಿದು ಕೆರೆ ಏರಿಯ ಮೇಲೆ ಕೂತ ಹುಡುಗ. ಅವನ ಬೆಂಡು ಅಲ್ಲಾಡಿದರೆ ಗಾಳಿಯೋ, ಏಡಿಯೋ, ಗೆಂಡೆಯೋ ಎಂದು ಅವನ ತೋರುಬೆರಳಿಗೇ ಗೊತ್ತಾಗುತ್ತದೆ.

ಆ ಕಾವೇರಿ ಶಿಬಿರಗಳ ಗಾಳದಾಟವೂ 2010ರ ಆಸುಪಾಸಿನಲ್ಲಿ ನಿಂತುಹೋಯಿತು. ಅಭಯಾರಣ್ಯದೊಳಗೆ ಮೀನು ಹಿಡಿಯುವುದಕ್ಕೆ 1972ರ ವನ್ಯಜೀವಿ ಕಾಯ್ದೆ ಅಡ್ಡ ಬಂತು. ದಿಂಬಂ ಕೆಳಗೆ ಹರಿಯುವ ಮೋಯಾರಿನಲ್ಲೂ ಕಾವೇರಿಯ ಆ ಗೂನುಬೆನ್ನಿನ ಮಾಶೀರ್ ಇದೆ. ವಿಜ್ಞಾನಿಗಳು ಅದಕ್ಕೆ ಟಾರ್ ರೆಮದೇವಿ ಎಂಬ ಹೆಸರನ್ನು ಖಚಿತ ಮಾಡಿದ್ದು 2018ರಲ್ಲಿ, ಅಷ್ಟು ಹೊತ್ತಿಗೆ ಅದು ಅಳಿವಿನ ಅಂಚಿಗೆ ಬಂದು ನಿಂತಿತ್ತು. ಒಂದೂವರೆ ಶತಮಾನ ಬೆನ್ನು ಹತ್ತಿದೆವು, ಹೆಸರು ಕೇಳಲು ಪುರುಸೊತ್ತಾಗಲಿಲ್ಲ.

ಆದ್ದರಿಂದ ಮುಂದಿನ ಭಾನುವಾರ ಡಿಕ್ಕಿ ತುಂಬಿಕೊಂಡು ಹೊರಡುವ ಮಹನೀಯರಲ್ಲಿ ವಿನಂತಿ. 2013ರಿಂದ ದಿಂಬಂ ಸುತ್ತಿನ ಕಾಡು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. ಕಾಡಿನೊಳಗಿನ ನೀರಿಗೆ ನಿಮ್ಮ ಸ್ಟೆಲ್ಲಾವನ್ನೂ ಇಳಿಸುವಂತಿಲ್ಲ, ಬಿದಿರು ಕಡ್ಡಿಯನ್ನೂ ಇಳಿಸುವಂತಿಲ್ಲ. 2022ರಿಂದ ರಾತ್ರಿ 9ರ ಮೇಲೆ ಘಾಟಿಯಲ್ಲಿ ಹೊರಗಿನವರ ಕಾರನ್ನು ಬಿಡುವುದಿಲ್ಲ. ಹೊತ್ತಿರುವಾಗಲೇ ಬನ್ನಾರಿಗೆ ಇಳಿದು ಭವಾನಿಸಾಗರಕ್ಕೆ ಹೋಗಿ. ಅಣೆಕಟ್ಟೆಯ ಹತ್ತಿರದ ಅಂಗಡಿಗಳಲ್ಲಿ ಬಿಸಿ ಬಿಸಿ ಮೀನು ಹುರಿದು ಕೊಡುತ್ತಾರೆ. ಚೌಕಾಸಿ ಮಾಡಬೇಡಿ.