ಬಾಡಿಗೆದಾರನ ಗೈರುಹಾಜರಿಯೂ ಊರಿನ ನಿಶ್ಶಬ್ದವೂ: ಒಂದು ಕಿರುಶೋಧ

ಮಹಾನಗರದ ಪಕ್ಕದ ಸಣ್ಣ ಊರು ಸ್ವಭಾವತಃ ಶಾಂತ ಎಂಬ ನಂಬಿಕೆ ಬ್ರೋಕರುಗಳಲ್ಲೂ ಕವಿಗಳಲ್ಲೂ ಸಮನಾಗಿ ಬೇರೂರಿದೆ. ಇದು ಅಶಾಸ್ತ್ರೀಯ. ಅಂಥ ಊರಿನ ಶಾಂತಿಯನ್ನು ಅಲ್ಲಿನ ಬಾಡಿಗೆದಾರರು ತಾವು ಇಲ್ಲದಿರುವ ಮೂಲಕ ದಿನವೂ ಉತ್ಪಾದಿಸುತ್ತಾರೆ ಎಂಬುದೇ ಈ ಪ್ರಬಂಧದ ಪ್ರತಿಜ್ಞೆ. ರಾಮನಗರವನ್ನೇ ನೋಡಿ. ಬೆಂಗಳೂರಿಗೆ ಸುಮಾರು 50 ಕಿಲೋಮೀಟರ್, ಮೈಸೂರು ರೈಲುಮಾರ್ಗದ ಮೇಲಿನ ಊರು. ನಗರದ ಗಲಾಟೆ ತಾಳಲಾರದೆ ಇಲ್ಲಿ ಮನೆ ಹಿಡಿದವನು ಬೆಳಗಿನ ರೈಲು ಹತ್ತಿ ಅದೇ ಗಲಾಟೆಯೊಳಗೆ ಇಳಿಯುತ್ತಾನೆ, ದೀಪ ಹಚ್ಚಿದ ಮೇಲೆ ಮರಳುತ್ತಾನೆ. ನಡುವಿನ ಶಾಂತಿಯನ್ನು ಜಗಲಿಯಲ್ಲಿ ಕೂತು ಸವಿಯುವವರು ಮನೆ ಓನರು. ಉತ್ಪಾದಕನೇ ಗ್ರಾಹಕನಿಗೆ ತಿಂಗಳು ತಿಂಗಳು ದುಡ್ಡು ಕೊಡುವ ಈ ವಿಚಿತ್ರ ವ್ಯಾಪಾರ ಅರ್ಥಶಾಸ್ತ್ರಜ್ಞರ ಕಣ್ಣಿಗೆ ಇನ್ನೂ ಬಿದ್ದಿಲ್ಲ.

2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಊರನ್ನು ಬಳಸಿಕೊಂಡು ಹೋಗುವುದರಿಂದಲೇ ಶಾಂತಿ ನೆಲೆಸಿದೆ, ಬಾಡಿಗೆದಾರನದೇನು ಹೆಚ್ಚುಗಾರಿಕೆ ಎಂದು ಪೂರ್ವಪಕ್ಷದವರು ಕೇಳಬಹುದು. ಲಾರಿಗಳು ಹೊರಗೆ ಹೋದದ್ದು ನಿಜ. ಆದರೆ ರೇಷ್ಮೆಗೂಡಿನ ಮಾರುಕಟ್ಟೆ ಒಳಗೇ ಇದೆ, ಮೈಕುಗಳು ಒಳಗೇ ಇವೆ. ದಿನವೂ ತಪ್ಪದೆ ಊರು ಬಿಡುವ ವಸ್ತು ಬಾಡಿಗೆದಾರನೊಬ್ಬನೇ; ಆದ್ದರಿಂದ ಕಾರಣ ಅವನೇ. ಭಾನುವಾರ ಅವನು ಮನೆಯಲ್ಲಿರುತ್ತಾನಲ್ಲ ಎಂಬ ಆಕ್ಷೇಪ ಇನ್ನೂ ದುರ್ಬಲ. ಅಂದು ಶಾಂತಿ ನೋಡಲೆಂದು ಬೆಂಗಳೂರಿನ ನೆಂಟರು ಬರುತ್ತಾರೆ. ಗಬ್ಬರ್ ಸಿಂಗ್ ಕೂತ ಬಂಡೆ ಯಾವುದೆಂದು ಕೇಳಿ, ರಾಮದೇವರ ಬೆಟ್ಟ ಹತ್ತಿಸಿಕೊಂಡು, ಊಟ ಮಾಡಿ ಹೋಗುತ್ತಾರೆ. (‘ಶೋಲೆ’ ಚಿತ್ರತಂಡ ಇಲ್ಲಿ ಬಾಡಿಗೆ ಮನೆಯ ಗೊಡವೆಗೆ ಹೋಗದೆ ಒಂದು ಹಳ್ಳಿಯ ಸೆಟ್ಟನ್ನೇ ಕಟ್ಟಿಕೊಂಡದ್ದು ದೂರದೃಷ್ಟಿಯೇ ಸರಿ.) ಹಗಲಿಡೀ ಊರಲ್ಲೇ ಇದ್ದು, ಬಾಡಿಗೆ ಅಡ್ವಾನ್ಸು ಯಾವುದೂ ಇಲ್ಲದೆ ಶಾಂತಿ ಅನುಭವಿಸುವ ನಿವಾಸಿಗಳೆಂದರೆ ಆ ಬೆಟ್ಟದ ರಣಹದ್ದುಗಳು. ಅವುಗಳ ವಾಸಕ್ಕೆ 2012ರಿಂದ ವನ್ಯಜೀವಿಧಾಮದ ರಕ್ಷಣೆಯಿದೆ.

ಮನುಷ್ಯ ಬಾಡಿಗೆದಾರನಿಗಿರುವುದು ಹನ್ನೊಂದು ತಿಂಗಳ ಕರಾರು. ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಬೇಕೆಂದು 1908ರ ಕಾಯ್ದೆ ಹೇಳುವುದರಿಂದ ಹನ್ನೆರಡನೆಯ ತಿಂಗಳು ನಮ್ಮಲ್ಲಿ ಹುಟ್ಟುವುದೇ ಇಲ್ಲ. ಇಷ್ಟಾಗಿಯೂ ನಮ್ಮ ಸಿದ್ಧಾಂತಕ್ಕೆ ಅತಿ ದೊಡ್ಡ ಸವಾಲು ಸುಣ್ಣಬಣ್ಣದಿಂದ ಬಂದಿದೆ. ಮನೆ ಬಿಡುವಾಗ ಪೇಂಟಿಂಗ್ ಹೆಸರಿನಲ್ಲಿ ಓನರು ಅಡ್ವಾನ್ಸಿನಿಂದ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಗೋಡೆ ಮಾಸಿದೆಯೆಂದರೆ ಮನೆಯಲ್ಲಿ ಯಾರೋ ಇದ್ದರೆಂದೇ ಅರ್ಥವಲ್ಲವೇ? ಅಲ್ಲ. ಮಾಸದ ಗೋಡೆಗೂ ಅಷ್ಟೇ ಮೊತ್ತ ಮುರಿಯುವ ರೂಢಿಯಿದೆ. ಕಾರಣವಿಲ್ಲದೆಯೂ ಸಂಭವಿಸುವ ಕಾರ್ಯದಿಂದ ಕಾರಣವನ್ನು ಊಹಿಸುವುದು ತರ್ಕದೋಷ.

ಇನ್ನು, ಬಾಡಿಗೆದಾರ ಊರು ಬಿಟ್ಟೇ ಹೋದರೆ ಶಾಂತಿ ಪೂರ್ಣವಾಗುವುದಿಲ್ಲವೇ ಎಂದರೆ, ಆಗುವುದಿಲ್ಲ. ಖಾಲಿ ಮನೆ ನೋಡಲು ದಿನಕ್ಕೊಂದು ಸಂಸಾರ ಬಂದು ಬೋರ್‌ವೆಲ್ ನೀರೋ ನಲ್ಲಿ ನೀರೋ ಎಂದು ವಿಚಾರಿಸತೊಡಗುತ್ತದೆ. ಹಾಗಾಗಿ ಬಾಡಿಗೆದಾರ ಬಂಧುಗಳು ಮುಂದಿನ ಕರಾರಿನ ಹೊತ್ತಿಗೆ ಗೈರುಹಾಜರಿ ಭತ್ಯೆಗೆ ಬೇಡಿಕೆಯಿಡಬೇಕು. ಓನರು ಒಪ್ಪದಿದ್ದರೆ ಒಂದು ವಾರ ರಜೆ ಹಾಕಿ ಮನೆಯಲ್ಲೇ ಇರುತ್ತೇವೆಂದು ಹೇಳಿದರೆ ಸಾಕು.