ಜೀಪೋ, ಮನೆಗಾಡಿಯೋ, ಮಿನಿವ್ಯಾನೋ?

ಅಮೆರಿಕದ ಕನ್ನಡಿಗರ ಮನೆಯಲ್ಲಿ ಕಾರು ಕೊಳ್ಳುವಾಗ ಜಗಳವೇ ಇಲ್ಲ. ಟೊಯೋಟಾ ಇಲ್ಲವೇ ಹೋಂಡಾ, ಬಣ್ಣ ಬಿಳಿ ಇಲ್ಲವೇ ಬೂದು, ನಾಳೆ ಮಾರಿದರೂ ಒಳ್ಳೆಯ ಬೆಲೆ ಬರಬೇಕು, ಅಷ್ಟೇ. ಜಗಳ ಹತ್ತುವುದು ಬಾಡಿಗೆಗೆ ತೆಗೆದುಕೊಳ್ಳುವಾಗ. ಅದರಲ್ಲೂ ಮರುಭೂಮಿ ಸೀಮೆಯ ನ್ಯಾಷನಲ್ ಪಾರ್ಕುಗಳಿಗೆ ಹೊರಟರೆ ಮುಗಿದೇಹೋಯಿತು. ವರ್ಷವಿಡೀ ಮನೆ, ಆಫೀಸು, ಇಂಡಿಯನ್ ಅಂಗಡಿ ಎಂದು ತ್ರಿಕೋನ ಸುತ್ತುವ ಸಭ್ಯ ಗೃಹಸ್ಥ ‘ಡೆತ್ ವ್ಯಾಲಿ’ ಎಂಬ ಹೆಸರು ಕಿವಿಗೆ ಬಿದ್ದದ್ದೇ ತಡ, ಕುದುರೆ ಕಳೆದುಕೊಂಡ ಕೌಬಾಯ್ ಆಗಿಬಿಡುತ್ತಾನೆ.

ನನ್ನ ಷಡ್ಡಕನನ್ನೇ ತೆಗೆದುಕೊಳ್ಳಿ. ಫ್ರೀಮಾಂಟಿನಲ್ಲಿದ್ದಾನೆ, ಸಾಧು ಪ್ರಾಣಿ. ಮಾರ್ಚ್ ರಜೆಗೆ ಲಾಸ್ ವೇಗಸ್‌ವರೆಗೆ ವಿಮಾನ, ಅಲ್ಲಿಂದ ಬಾಡಿಗೆ ಗಾಡಿ. ಮೊದಲು ಪಶ್ಚಿಮಕ್ಕೆ ಡೆತ್ ವ್ಯಾಲಿ, ಆಮೇಲೆ ಪೂರ್ವಕ್ಕೆ ಯೂಟಾ ರಾಜ್ಯದ ಝಯಾನ್, ಬ್ರೈಸ್ ಕ್ಯಾನಿಯನ್, ಮೋಆಬ್. ಯೋಜನೆ ಇಷ್ಟೇ, ಸರಳ. ಹೊರಟವರು ಏಳು ಜನ: ಅವನು, ನನ್ನ ನಾದಿನಿ, ಅವರ ಮಗ, ಮಗಳು, ನಾನು, ನನ್ನವಳು, ಮತ್ತು ನಮ್ಮಿಬ್ಬರಿಗೂ ಸಮಾನವಾಗಿ ಪ್ರಾಪ್ತರಾದ ಅತ್ತೆ. ಕಾಲೇಜಿಗೆ ಹೋಗುವ ಮಗನಿಗೆ ಜೀಪು ಬೇಕು. ಮಗಳಿಗೆ ಮಾಡು ತೆರೆಯುವ ಕಾರು ಬೇಕು. ಷಡ್ಡಕನಿಗೆ ಆರ್‌ವಿ ಬೇಕು, ಅಂದರೆ ಅಡುಗೆಮನೆ, ಮಂಚ, ಪಾಯಿಖಾನೆಗಳ ಸಮೇತ ರಸ್ತೆಯಲ್ಲಿ ಓಡುವ ಆ ಮನೆಗಾಡಿ. ನಾದಿನಿಗೆ ಏನಾದರೂ ಸರಿ, ಗಂಡ ಹೇಳಿದ್ದೊಂದು ಬೇಡ. ನನ್ನವಳಿಗೆ ಕುಕ್ಕರು, ಚಿತ್ರಾನ್ನದ ಗೊಜ್ಜು, ಚಟ್ನಿಪುಡಿ ಡಬ್ಬಗಳು ಅಲುಗಾಡದ ಜಾಗ ಬೇಕು. ಅತ್ತೆಯವರದು ಎರಡೇ ಷರತ್ತು: “ಹತ್ತೋಕೆ ಏಣಿ ಬೇಕಾಗಬಾರದು. ಮುಂದಿನ ಸೀಟು ನಂದು.”

ಮೊದಲು ಜೀಪಿನ ವಿಚಾರಣೆ ನಡೆಯಲಿ.

ಮರುಭೂಮಿ ಎಂದರೆ ಮರಳು, ಮರಳೆಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಇರುವ ಗಾಡಿ, ಇದು ಹುಡುಗನ ತರ್ಕ. ಸಿನಿಮಾ ನೋಡಿ ಭೂಗೋಳ ಕಲಿತವರೆಲ್ಲರ ತರ್ಕವೂ ಇದೇ. ಆದರೆ ಈ ಪಾರ್ಕುಗಳಲ್ಲಿ ಜನ ಫೋಟೋ ತೆಗೆಸಿಕೊಳ್ಳುವ ಮುಖ್ಯ ಜಾಗಗಳಿಗೆಲ್ಲ ನಮ್ಮ ಎಷ್ಟೋ ಹೆದ್ದಾರಿಗಳು ನಾಚುವಂಥ ಡಾಂಬರು ರಸ್ತೆಗಳಿವೆ. ಸಮುದ್ರಮಟ್ಟದಿಂದ 282 ಅಡಿ ಕೆಳಗಿರುವ ಬ್ಯಾಡ್‌ವಾಟರ್ ಉಪ್ಪುಬಯಲಿನ ಅಂಚಿನವರೆಗೂ ಡಾಂಬರಿದೆ. ಝಯಾನ್ ಕಣಿವೆಯ ಒಳರಸ್ತೆಗಂತೂ 2000ದಿಂದಲೂ ವರ್ಷದ ಬಹುಪಾಲು ಖಾಸಗಿ ಕಾರಿಗೆ ಪ್ರವೇಶವೇ ಇಲ್ಲ. ಪಾರ್ಕಿನವರ ಬಸ್ಸು ಹತ್ತಿ ಹೋಗಬೇಕು. ನಿಮ್ಮ ಜೀಪು ಎಂಥ ಗಂಡುಗಲಿಯಾದರೂ ಪಾರ್ಕಿಂಗ್ ಜಾಗದಲ್ಲಿ ಬಿಸಿಲು ಕಾಯಿಸುತ್ತ ನಿಂತಿರಬೇಕು.

“ದೊಡ್ಡಪ್ಪಾ, ಡಾಂಬರು ಬಿಟ್ಟು ಇಳಿಯೋದಕ್ಕೇ ತಾನೇ ಜೀಪು?” ಎಂದ ಹುಡುಗ. ನಿಜ. ಆದರೆ ಬಾಡಿಗೆ ಕರಾರು ಎಂಬುದೊಂದಿದೆ. ಸಹಿ ಹಾಕಿದವರು ಯಾರೂ ಓದದ ಮಹಾಗ್ರಂಥ ಅದು. ಅದರ ಹೊಟ್ಟೆಯೊಳಗೆಲ್ಲೋ ಇರುವೆ ಗಾತ್ರದ ಅಕ್ಷರದಲ್ಲಿ, ಡಾಂಬರಿಲ್ಲದ ರಸ್ತೆಗೆ ಇಳಿಯಕೂಡದು, ಇಳಿದರೆ ವಿಮೆ ಅನ್ವಯಿಸದು ಎಂದಿರುತ್ತದೆ. ವಿಮಾನ ನಿಲ್ದಾಣದಲ್ಲಿ ಅಂಗಡಿ ತೆರೆದಿರುವ ದೊಡ್ಡ ಕಂಪನಿಗಳದು ಬಹುತೇಕ ಇದೇ ಹಾಡು. ಗುಡ್ಡ ಹತ್ತುವ ಜೀಪನ್ನು ದಿನಕ್ಕಿಷ್ಟು ಎಂದು ಹೆಚ್ಚು ಹಣಕ್ಕೆ ಕೊಟ್ಟು, ಗುಡ್ಡ ಮಾತ್ರ ಹತ್ತಬೇಡಿ ಎನ್ನುತ್ತಾರೆ. ಹಲ್ಲನ್ನು ಬಾಡಿಗೆಗೆ ಕೊಟ್ಟು ಕಡಲೆ ಮುಟ್ಟಬೇಡ ಎಂದಂತಾಯಿತು.

ಮುಟ್ಟಿದವರ ಪಾಡು ಏನು? ಡೆತ್ ವ್ಯಾಲಿಯಲ್ಲಿ ರೇಸ್‌ಟ್ರ್ಯಾಕ್ ಪ್ಲಾಯಾ ಎಂಬ ಒಣಗಿದ ಕೆರೆಯಂಗಳವಿದೆ. ಅಲ್ಲಿ ಬಂಡೆಗಳು ತಾವಾಗಿಯೇ ನಡೆಯುತ್ತವೆ, ಹಿಂದೆ ಗೆರೆ ಮೂಡಿರುತ್ತದೆ. ದಶಕಗಳ ಕಾಲ ಜನ ತಲೆಕೆಡಿಸಿಕೊಂಡು ದೆವ್ವದವರೆಗೂ ಹೋಗಿ ಬಂದರು. ಕಡೆಗೆ 2014ರಲ್ಲಿ ವಿಜ್ಞಾನಿಗಳು ಕಣ್ಣಾರೆ ಕಂಡದ್ದನ್ನು ಪ್ರಕಟಿಸಿದರು: ಚಳಿಗಾಲದಲ್ಲಿ ನಿಂತ ತೆಳು ನೀರು ರಾತ್ರಿ ಹೆಪ್ಪುಗಟ್ಟುತ್ತದೆ, ಹಗಲಲ್ಲಿ ಆ ಹಿಮದ ಹಾಳೆ ಒಡೆದು ಮೆಲುಗಾಳಿಗೆ ತೇಲುತ್ತ ಬಂಡೆಯನ್ನು ತಳ್ಳಿಕೊಂಡು ಹೋಗುತ್ತದೆ. ಅಲ್ಲಿಗೆ ಹೋಗಲು ಯೂಬಿಹೀಬಿ ಎಂಬ ಜ್ವಾಲಾಮುಖಿಯ ಕುಳಿಯಿಂದ ಸುಮಾರು 43 ಕಿಲೋಮೀಟರ್ ಕಲ್ಲುದಾರಿ. ಕಲ್ಲೆಂದರೆ ಟೈರನ್ನು ಸೀಳುವ ಕಲ್ಲು. ಬಾಡಿಗೆ ಗಾಡಿಯ ನಯವಾದ ನಗರದ ಟೈರು ಅಲ್ಲಿ ಬಾಳುವುದಿಲ್ಲ, ಫೋನಿಗೆ ಸಿಗ್ನಲ್ ಇಲ್ಲ, ಎಳೆದು ತರುವ ಗಾಡಿಯವನು ಬಂದರೆ ಕೇಳುವುದು ಸಾವಿರದ ಲೆಕ್ಕದ ಡಾಲರು. ಆ ಊರಿನಲ್ಲಿ ಬಂಡೆ ನಡೆಯುತ್ತದೆ, ಜೀಪು ನಿಲ್ಲುತ್ತದೆ.

ಯೂಟಾದ ದಕ್ಷಿಣ ಭಾಗದಲ್ಲಿ ಇನ್ನೊಂದು ಬಗೆಯ ಮಣ್ಣುದಾರಿಗಳಿವೆ. ಕಾಟನ್‌ವುಡ್ ಕ್ಯಾನಿಯನ್ ರಸ್ತೆಯಂಥವು ಒಣಗಿದ್ದಾಗ ಸಾಧು. ಮಳೆ ಬಿತ್ತೋ, ಜೇಡಿ ಕರಗಿ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ನಾಲ್ಕು ಚಕ್ರದ ಬಲ ಇದ್ದರೂ ನಾಲ್ಕೂ ಚಕ್ರ ಒಟ್ಟಿಗೆ ಜಾರುತ್ತವೆ, ಅಷ್ಟೇ ಲಾಭ. ಗದಗ, ವಿಜಯಪುರದ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಮಳೆಗಾಲದ ಎರೆಹೊಲದಲ್ಲಿ ಚಪ್ಪಲಿ ಬಿಟ್ಟು ಬಂದ ಯಾರನ್ನಾದರೂ ಕೇಳಿ.

ಮನೆಗಾಡಿಯ ಮೋಹ ಇದಕ್ಕಿಂತ ಆಳವಾದದ್ದು. ಷಡ್ಡಕನ ಲೆಕ್ಕಾಚಾರ ಕೇಳಲು ಚೆಂದ: “ಹೋಟೆಲ್ ಖರ್ಚಿಲ್ಲ ಭಾವ, ಎಲ್ಲಿ ಬೇಕಾದರೂ ನಿಲ್ಲಿಸಿ ಬಿಸಿಬೇಳೆಬಾತ್ ಮಾಡಿಕೊಳ್ಳಬಹುದು.” ಎಲ್ಲಿ ಬೇಕಾದರೂ ನಿಲ್ಲಿಸುವ ಹಾಗಿಲ್ಲ, ಭಾವ. ಪಾರ್ಕಿನೊಳಗೆ ಗೊತ್ತಾದ ಜಾಗದಲ್ಲೇ ನಿಲ್ಲಿಸಬೇಕು, ಅದಕ್ಕೂ ಬಾಡಿಗೆ, ಒಳ್ಳೆಯ ಜಾಗವೆಲ್ಲ ತಿಂಗಳುಗಟ್ಟಲೆ ಮುಂಚೆಯೇ ಭರ್ತಿ. ಪೆಟ್ರೋಲಂತೂ ಗಾಡಿ ಓಡಿಸಲು ಹಾಕುತ್ತಿದ್ದೇವೋ ಊರಿಗೆ ದಾನ ಮಾಡುತ್ತಿದ್ದೇವೋ ಎಂದು ಗೊತ್ತಾಗದಷ್ಟು ಕುಡಿಯುತ್ತದೆ. ಡೆತ್ ವ್ಯಾಲಿಯಲ್ಲಿ ಬಣ್ಣಬಣ್ಣದ ಗುಡ್ಡಗಳ ನಡುವೆ ಹಾಯುವ ಆರ್ಟಿಸ್ಟ್ಸ್ ಡ್ರೈವ್ ಎಂಬ ದಾರಿಗೆ 25 ಅಡಿಗಿಂತ ಉದ್ದದ ಗಾಡಿ ಬರುವಂತಿಲ್ಲ. ಝಯಾನ್‌ನಿಂದ ಪೂರ್ವಕ್ಕೆ ದಾಟಲು ಬೆಟ್ಟ ಕೊರೆದು 1930ರಲ್ಲಿ ತೆರೆದ ಸುರಂಗವಿದೆ, ಉದ್ದ ಒಂದು ಮೈಲಿಗೂ ತುಸು ಹೆಚ್ಚು. ಅದನ್ನು ಕೊರೆದ ಪುಣ್ಯಾತ್ಮರು ಅಂದಿನ ಕಾರುಗಳ ಅಳತೆಗೆ ಕೊರೆದರೇ ಹೊರತು ನನ್ನ ಷಡ್ಡಕನ ಬಿಸಿಬೇಳೆಬಾತಿನ ಅಳತೆಗಲ್ಲ. ದೊಡ್ಡ ಮನೆಗಾಡಿ ಕಮಾನಿನ ಅಂಚಿಗೆ ತಗುಲೀತೆಂದು ನಡುವಿನಲ್ಲೇ ಹೋಗಬೇಕು, ಅದಕ್ಕಾಗಿ ಎದುರಿನವರನ್ನೆಲ್ಲ ತಡೆದು ನಿಲ್ಲಿಸಬೇಕು. ಅದಕ್ಕೇ ಅಲ್ಲಿ ದೊಡ್ಡ ಗಾಡಿಗಳಿಗೆ ಅಳತೆಪಟ್ಟಿಯ ಕಾನೂನು.

ಇದ್ಯಾವುದಕ್ಕೂ ಷಡ್ಡಕ ಜಗ್ಗಲಿಲ್ಲ. ಜಗ್ಗಿಸಿದ್ದು ಅತ್ತೆ. “ಒಳಗೇ ಪಾಯಿಖಾನೆ ಇದೆ ಅಂತೀರಲ್ಲ, ಅದರಲ್ಲಿ ಆದದ್ದೆಲ್ಲ ಎಲ್ಲಿಗೆ ಹೋಗತ್ತೆ?” ಎಂದರು. ಗಾಡಿಯ ಹೊಟ್ಟೆಯಲ್ಲಿ ಟ್ಯಾಂಕು ಇರುತ್ತದೆ, ಮೂರು ದಿನಕ್ಕೋ ನಾಲ್ಕು ದಿನಕ್ಕೋ ದಪ್ಪ ಪೈಪು ಸಿಕ್ಕಿಸಿ ನಾವೇ ಖಾಲಿ ಮಾಡಬೇಕು ಎಂದು ಮೊಮ್ಮಗ ವಿವರಿಸಿದ. “ನಾವೇ ಅಂದ್ರೆ ಯಾರು?” ಎಂದರು ಅತ್ತೆ. ಸಭೆಯಲ್ಲಿ ಮೌನ. ಎಲ್ಲರೂ ಷಡ್ಡಕನ ಕಡೆ ನೋಡಿದೆವು. “ಅಡುಗೆಮನೆಯ ಕೆಳಗೇನಾ ಆ ಟ್ಯಾಂಕು?” ಎಂಬ ಮುಂದಿನ ಪ್ರಶ್ನೆಗೆ ಮನೆಗಾಡಿ ಚರ್ಚೆಯಿಂದಲೇ ಹೊರಗೆ ಓಡಿತು.

ಮಾಡು ತೆರೆಯುವ ಕಾರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಮಗು ನೊಂದುಕೊಂಡೀತು. ಭೂಮಿಯ ಮೇಲೆ ದಾಖಲಾದ ಅತಿ ಹೆಚ್ಚಿನ ಬಿಸಿ, 56.7 ಡಿಗ್ರಿ ಸೆಲ್ಸಿಯಸ್, 1913ರ ಜುಲೈನಲ್ಲಿ ಡೆತ್ ವ್ಯಾಲಿಯ ಫರ್ನೇಸ್ ಕ್ರೀಕ್‌ನದು. ಫರ್ನೇಸ್ ಎಂದರೆ ಕುಲುಮೆ. ಊರಿಗೆ ಇಂಥ ಹೆಸರಿಟ್ಟ ಮೇಲೂ ಮಾಡು ತೆರೆದು ಹೋಗುತ್ತೇನೆ ಎನ್ನುವವರಿಗೆ ದೇವರೇ ಕೊಡೆ ಹಿಡಿಯಬೇಕು. ಮಾರ್ಚಿನಲ್ಲಿ ಅಲ್ಲಿ ಹವೆ ಹಿತವೇ, ಒಪ್ಪಿದೆ. ಆದರೆ ಅದೇ ವಾರ ಎಂಟು ಸಾವಿರ ಅಡಿಗೂ ಎತ್ತರದ ಬ್ರೈಸ್ ಕ್ಯಾನಿಯನ್‌ನಲ್ಲಿ ಹಿಮ ಬೀಳಬಹುದು. ಮೇಲಾಗಿ ಆ ಕಾರಿನಲ್ಲಿ ಹಿಡಿಯುವುದು ನಾಲ್ಕು ಜನ. ಉಳಿದ ಮೂವರನ್ನು ಎಲ್ಲಿ ಕಟ್ಟೋಣ? ಬ್ಯಾಟರಿ ಕಾರಿನ ಮಾತೂ ಬಂದಿತ್ತು. ಚಾರ್ಜರುಗಳ ನಡುವಿನ ದೂರ ನೋಡಿ ನನ್ನವಳು, ಚಾರ್ಜ್ ಆಗುವಷ್ಟು ಹೊತ್ತು ನಿಮ್ಮ ಹಳೇ ಕಥೆ ಕೇಳುತ್ತ ಕೂತಿರಬೇಕಾ ಎಂದಳು. ಅಲ್ಲಿಗೆ ಅದೂ ಮುಗಿಯಿತು.

ಹೀಗೆ ಗಂಡುಗಲಿಗಳೆಲ್ಲ ಒಬ್ಬೊಬ್ಬರಾಗಿ ಅಖಾಡ ಬಿಟ್ಟ ಮೇಲೆ ಉಳಿಯುವುದು ಮಿನಿವ್ಯಾನ್. ಅದರ ಹೆಸರೆತ್ತಿದರೆ ಸಾಕು, ಅಮೆರಿಕದ ಗಂಡಸರ ಮುಖ ಬಾಡುತ್ತದೆ. ಮಕ್ಕಳನ್ನು ಫುಟ್‌ಬಾಲ್ ಕ್ಲಾಸಿಗೆ ಬಿಡುವ ಗಾಡಿ, ಅದರಲ್ಲಿ ಕೂತರೆ ಯೌವನ ಅಧಿಕೃತವಾಗಿ ಮುಗಿಯಿತೆಂದು ಅರ್ಥವಂತೆ. ನಾನು ಹೇಳುತ್ತೇನೆ, ಆ ಸೀಮೆಗೆ ಅದಕ್ಕಿಂತ ಒಳ್ಳೆಯ ಗಾಡಿ ಇನ್ನೂ ಹುಟ್ಟಿಲ್ಲ. ನೆಲಕ್ಕೆ ಹತ್ತಿರ, ಅತ್ತೆಯವರು ಸೀರೆ ಎತ್ತಿಹಿಡಿಯದೆ ಹತ್ತಬಹುದು. ಬಾಗಿಲು ಪಕ್ಕಕ್ಕೆ ಜಾರುತ್ತದೆ. ಇದು ಸಣ್ಣ ಮಾತಲ್ಲ, ಮರುಭೂಮಿಯ ಗಾಳಿ ಸಾಮಾನ್ಯದ್ದಲ್ಲ. ಮಾಮೂಲಿ ಬಾಗಿಲನ್ನು ಅರ್ಧ ತೆರೆಯುವಷ್ಟರಲ್ಲಿ ಕೈಯಿಂದ ಕಿತ್ತು ಕೀಲು ಬಗ್ಗಿಸಿ ಹೋಗುತ್ತದೆ, ಪಕ್ಕದ ಕಾರಿಗೂ ಒಂದು ಗುದ್ದು ಉಚಿತ. ದೈತ್ಯಾಕಾರದ ಎಸ್‌ಯುವಿಗಳಲ್ಲೂ ಎಷ್ಟೋ ಸಲ ಮೂರನೇ ಸಾಲಿನಲ್ಲಿ ಜನ ಕೂತರೆ ಸಾಮಾನಿಗೆ ಉಳಿಯುವುದು ಒಂದು ಗೇಣು. ಮಿನಿವ್ಯಾನಿನ ಹಿಂಬದಿಯಲ್ಲಿ ಆಳದ ಗುಂಡಿ ಇದೆ: ಕುಕ್ಕರು, ಗೊಜ್ಜು, ಪೆಟ್ಟಿಗೆ, ಎಲ್ಲಕ್ಕೂ ಮುಖ್ಯವಾಗಿ ನೀರು. ತಲೆಗೆ ದಿನಕ್ಕೆ ನಾಲ್ಕು ಲೀಟರಿನಂತೆ ಏಳು ಜನಕ್ಕೆ ಲೆಕ್ಕ ಹಾಕಿ ನೋಡಿ, ಆಮೇಲೆ ಜೀಪಿನ ಮಾತಾಡಿ. ಹಿಂದಿನ ಸಾಲಿಗೂ ಏಸಿ ಗಾಳಿ ಬರುತ್ತದೆಯೇ ಎಂದು ಮಾತ್ರ ಗಾಡಿ ಬಿಡುವ ಮೊದಲೇ ಕೂತು ನೋಡಿಕೊಳ್ಳಬೇಕು. ಜೊತೆಗೆ ಟೈರಿನ ಗಾಳಿ, ಸ್ಟೆಪ್ನಿ, ಜಾಕು. ಈಗೀಗ ಎಷ್ಟೋ ಹೊಸ ಗಾಡಿಗಳಲ್ಲಿ ಸ್ಟೆಪ್ನಿಯೇ ಇಲ್ಲ, ಅದರ ಜಾಗದಲ್ಲಿ ಅಂಟು ತುಂಬಿದ ಒಂದು ಬಾಟಲಿ ಇಟ್ಟು ಕೈಮುಗಿದಿರುತ್ತಾರೆ.

ಪೆಟ್ರೋಲಿನ ವಿಷಯದಲ್ಲಿ ನಮ್ಮವರ ಅಭ್ಯಾಸ ಬಿಡಬೇಕು. ಮುಂದಿನ ಬಂಕಿನಲ್ಲಿ ಎರಡು ಸೆಂಟು ಕಡಿಮೆ ಇರಬಹುದು ಎಂದು ಮುಳ್ಳು ಕೆಳಗಿಳಿಯುವವರೆಗೂ ಓಡಿಸುವವರಿಗೆ ಯೂಟಾದ ಐ-70 ಹೆದ್ದಾರಿ ಪಾಠ ಕಲಿಸುತ್ತದೆ. ಗ್ರೀನ್ ರಿವರ್ ಊರು ಬಿಟ್ಟು ಪಶ್ಚಿಮಕ್ಕೆ ಸಲೈನಾ ತಲಪುವವರೆಗೆ ಸುಮಾರು 170 ಕಿಲೋಮೀಟರ್ ಉದ್ದಕ್ಕೂ ಬಂಕಿಲ್ಲ, ಹೋಟೆಲಿಲ್ಲ, ಕಾಫಿ ಇಲ್ಲ. ಕಾಫಿ ಇಲ್ಲ ಎಂಬುದನ್ನು ಅತ್ತೆಗೆ ಮೊದಲೇ ತಿಳಿಸಿಡುವುದು ಕ್ಷೇಮ.

ಹುಡುಗನಿಗೂ ಅನ್ಯಾಯ ಮಾಡಲಿಲ್ಲ. ಮೋಆಬಿನಲ್ಲಿ, ಡೆತ್ ವ್ಯಾಲಿಯಲ್ಲಿ ಊರಿನವರೇ ನಡೆಸುವ ಜೀಪಿನ ಅಂಗಡಿಗಳಿವೆ. ಅವರ ಗಾಡಿಗೆ ಕಲ್ಲು ತಡೆಯುವ ಟೈರು ಇರುತ್ತದೆ, ಮಣ್ಣುದಾರಿಗೆ ಇಳಿಯಲು ಲಿಖಿತ ಒಪ್ಪಿಗೆಯೂ ಇರುತ್ತದೆ, ಇವತ್ತು ಯಾವ ದಾರಿ ಹೇಗಿದೆ ಎಂದು ಹೇಳಿಕಳಿಸುವ ಬಾಯಿಯೂ ಇರುತ್ತದೆ. ವಾರವಿಡೀ ಜೀಪು ಸಾಕುವ ಬದಲು ಒಂದು ದಿನ ಅಲ್ಲಿ ತೆಗೆದುಕೊಂಡು ಧೂಳು ತಿಂದು ಬರುವುದು ಎಂದು ಒಪ್ಪಂದವಾಯಿತು. ಯಾರು ಓಡಿಸಬೇಕು ಎಂಬುದು ಬೇರೆ ಜಗಳ. 25 ತುಂಬದವರಿಗೆ ಹೆಚ್ಚುವರಿ ಶುಲ್ಕ ಹಾಕುವ, ಕೆಲವೆಡೆ ಗಾಡಿಯನ್ನೇ ಕೊಡದ ನಿಯಮ ಮಾಡಿದವರು ಯಾರೋ ಹೆತ್ತವರೇ ಇರಬೇಕು.

ಅಂತೂ ಮಿನಿವ್ಯಾನ್ ಬುಕ್ ಆಯಿತು. ಲಾಸ್ ವೇಗಸ್‌ನಲ್ಲಿ ವಿಮಾನ ಇಳಿದು, ಬಸ್ಸಿನಲ್ಲಿ ಬಾಡಿಗೆ ಗಾಡಿಗಳ ದೊಡ್ಡ ಕಟ್ಟಡಕ್ಕೆ ಹೋಗಿ, ಸಾಲಿನಲ್ಲಿ ನಿಂತೆವು. ಕೌಂಟರಿನ ಹುಡುಗಿ ಮದುವೆಮನೆಯಲ್ಲಿ ಪನ್ನೀರು ಚಿಮುಕಿಸುವವರಿಗಿಂತ ಚೆನ್ನಾಗಿ ನಕ್ಕಳು. ಆ ನಗುವಿಗೆ ಕರಗಬಾರದು. ಗಾಡಿ ಜಖಂ ಆದರೆ ಈ ವಿಮೆ, ಎದುರಿನವರ ಗಾಡಿ ಜಖಂ ಆದರೆ ಆ ವಿಮೆ, ದಾರಿಯಲ್ಲಿ ಕೆಟ್ಟರೆ ಇನ್ನೊಂದು, ಮುಂಗಡ ಪೆಟ್ರೋಲು, ಎರಡನೇ ಚಾಲಕನಿಗೆ ದಿನಕ್ಕಿಷ್ಟು. ಎಲ್ಲಕ್ಕೂ ಹೂಂ ಎಂದರೆ ವಿಮೆಯ ಬಾಡಿಗೆ ಗಾಡಿಯ ಬಾಡಿಗೆಯನ್ನು ಹಿಂದೆ ಹಾಕುತ್ತದೆ. ನಮ್ಮ ಸ್ವಂತ ಕಾರಿನ ವಿಮೆ ಏನೇನು ಒಳಗೊಳ್ಳುತ್ತದೆ, ಕ್ರೆಡಿಟ್ ಕಾರ್ಡಿನವರು ಏನು ಕೊಡುತ್ತಾರೆ ಎಂದು ಮನೆಯಲ್ಲೇ ಓದಿಕೊಂಡು ಬಂದವನು ಗೆದ್ದ. ಷಡ್ಡಕ ಓದಿಕೊಂಡು ಬಂದಿದ್ದ. ಬೇಡ, ಬೇಡ, ಬೇಡ ಎಂದು ಎದೆಯುಬ್ಬಿಸಿ ಹೇಳಿದ. ಆ ಹುಡುಗಿ ಕೊನೆಯಲ್ಲಿ ಇನ್ನೊಮ್ಮೆ ನಕ್ಕು, ಸದ್ಯಕ್ಕೆ ಮಿನಿವ್ಯಾನ್ ಯಾವುದೂ ಇಲ್ಲ ಎಂದಳು.

ಬುಕ್ ಮಾಡಿದ ಕಾಗದದಲ್ಲಿ ಗಾಡಿಯ ಹೆಸರಿನ ಮುಂದೆ ‘ಅಥವಾ ಅಂಥದ್ದೇ ಇನ್ನೊಂದು’ ಎಂದು ಇರುತ್ತದಲ್ಲ, ಎಲ್ಲ ಆಟ ಇರುವುದು ಅಲ್ಲೇ. ಅಂಥದ್ದೇ ಇನ್ನೊಂದು ಯಾವುದು ಎಂದು ತೀರ್ಮಾನಿಸುವವರು ಅವರು. ನಮ್ಮ ಪಾಲಿಗೆ ಬಂದದ್ದು ಹನ್ನೆರಡು ಸೀಟಿನ ಬಿಳೀ ವ್ಯಾನು. ಷಡ್ಡಕ ಕ್ರೆಡಿಟ್ ಕಾರ್ಡಿನ ವಿಮೆ ಅಷ್ಟು ದೊಡ್ಡ ವ್ಯಾನಿಗೆ ಅನ್ವಯಿಸುತ್ತದೆಯೇ ಎಂದು ಫೋನಿನಲ್ಲಿ ಹುಡುಕುತ್ತಿದ್ದ. ಹುಡುಗ ಮುಖ ಮುಚ್ಚಿಕೊಂಡಿದ್ದ. ಅತ್ತೆ ಅಷ್ಟರಲ್ಲಾಗಲೇ ಮುಂದಿನ ಸೀಟಿನಲ್ಲಿ ಕೂತು, ಕನ್ನಡಕ ಸರಿಮಾಡಿಕೊಂಡು ಹಿಂದಿನ ಸಾಲುಗಳನ್ನು ಎಣಿಸುತ್ತಿದ್ದರು.

“ಇನ್ನೂ ಐದು ಜನ ಹಿಡೀತಾರಲ್ರೀ ಅಳಿಯಂದಿರೇ,” ಎಂದರು. “ಮೊದಲೇ ಹೇಳಿದ್ರೆ ನಮ್ಮ ಜಯನಗರದವರನ್ನೂ ಕರೀಬಹುದಿತ್ತು.”