ಊರಿಗೆ ಮರುಜೋಡಣೆ: ಬಳಸುವ ವಿಧಾನ

ಮೊದಲು ಗಂಟು ಬಿಚ್ಚಿ ಸಾಮಾನು ಎಣಿಸಿಕೊಳ್ಳಿ. ಬೆಂಗಳೂರಿನಲ್ಲಿ ಹದಿನೆಂಟು ವರ್ಷ ದುಡಿದ ಆಸಾಮಿ ಒಂದು, ಪ್ಲಾಸ್ಟಿಕ್ ಕೊಡ ಎರಡು, ಗೌಂಡಿ ಕೆಲಸದ ಕರಣಿ ಒಂದು. ಸೊಂಟನೋವು ಉಚಿತ.

ಸಾಗಣೆ: ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಿನ ಹೊತ್ತಿಗೆ ಯಾದಗಿರಿ. ಜನರಲ್ ಬೋಗಿಯಲ್ಲಿ ಬಾಗಿಲ ಬಳಿಯ ನೆಲವನ್ನೂ ಸೀಟೆಂದೇ ತಿಳಿಯಬೇಕು. ಅಲ್ಲಿಂದ ಬಸ್ಸು. ಭೀಮಾ ಸೇತುವೆ ದಾಟಿ ಶಹಾಪುರ ತಲುಪಿದರೆ ಬುದ್ಧ ಮಲಗಿದಂತಿರುವ ಗುಡ್ಡ ಕಾಣುತ್ತದೆ. ನೀವು ಹೋಗುವಾಗಲೂ ಮಲಗಿದ್ದ, ಬರುವಾಗಲೂ ಮಲಗಿದ್ದಾನೆ. ಇಡೀ ಜಿಲ್ಲೆಯಲ್ಲಿ "ಯಾವಾಗ ಬಂದಿ?" ಎಂದು ಕೇಳದವನು ಅವನೊಬ್ಬನೇ.

ವಿಳಾಸ: ಈ ಭಾಗವನ್ನು ಕೂತು ಓದಿ. ನೀವು ಗುಳೆ ಹೋದಾಗ ಊರು ಇದ್ದದ್ದು ಗುಲಬರ್ಗಾ ಜಿಲ್ಲೆ, ಸುರಪುರ ತಾಲ್ಲೂಕಿನಲ್ಲಿ. 2009ರ ಡಿಸೆಂಬರ್ 30ಕ್ಕೆ ಯಾದಗಿರಿ ಜಿಲ್ಲೆ ಆಯಿತು. ಆಮೇಲೆ ತಾಲ್ಲೂಕು ಹುಣಸಗಿ ಆಯಿತು. ಗುಲಬರ್ಗಾ ಕಲಬುರಗಿ ಆಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕವೇ ಕಲ್ಯಾಣ ಕರ್ನಾಟಕ ಆಯಿತು. ಊರು ಮಾತ್ರ ಹನುಮಪ್ಪನ ಗುಡಿ ಬಿಟ್ಟು ಒಂದು ಗೇಣೂ ಸರಿದಿಲ್ಲ. ಹೊಲದ ಪಹಣಿ, ಶಾಲೆಯ ಟೀಸಿ, ಬೆಂಗಳೂರಿನಲ್ಲಿ ಮಾಡಿಸಿದ ಆಧಾರ್ ಮೂರನ್ನೂ ಹಿಡಿದು ಕಚೇರಿಗೆ ಹೋದೆ. ಗುಮಾಸ್ತರು ತಿರುವಿ ನೋಡಿ, "ಇದರಾಗ ನೀವು ಯಾರ್ರಿ?" ಅಂದರು. ಉತ್ತರ ಹುಡುಕುತ್ತಿದ್ದೇನೆ.

ನಾಲಿಗೆ: ಕಟ್ಟೆಯ ಮೇಲೆ "ಏನ್ ಗುರು" ಎನ್ನಬೇಡಿ. ನಾನು ಅಂದೆ. ಮುತ್ಯಾ ಒಬ್ಬರು, "ಯಾವ ಮಠದ ಗುರು ಬಂದಾರಪಾ?" ಎಂದು ಹಿಂದಿರುಗಿ ನೋಡಿದರು. ಒಂದು ವಾರ ನನಗೆ ಅದೇ ಹೆಸರು.

ಊಟ: ಹದಿನೆಂಟು ವರ್ಷ ಶೆಡ್ಡಿನಲ್ಲಿ ಅನ್ನ-ಸಾರು ಉಂಡು ಜೋಳದ ರೊಟ್ಟಿಯ ಕನಸು ಕಂಡಿದ್ದೆ. ಬಂದ ದಿನ ವೈನಿ ಬಿಸಿ ಅನ್ನ ಬಡಿಸಿದರು. "ನೀವು ಅಲ್ಲಿ ಅನ್ನ ಉಂಡ ರೂಢಿ ಆದವರು" ಎಂಬ ಕಾಳಜಿ. ಅಲ್ಲದೆ ನಾರಾಯಣಪುರದ ಎಡದಂಡೆ ಕಾಲುವೆ ನೀರು ಬಂದ ಮೇಲೆ ಜೋಳ ಬೆಳೆಯುತ್ತಿದ್ದ ಹೊಲದಲ್ಲೂ ಈಗ ಭತ್ತ. ಬಾಯಿ ಬಿಟ್ಟು ಕೇಳಲಿಲ್ಲ. ಒಂಬತ್ತನೇ ದಿನ ವೈನಿ ತಮ್ಮ ತಾಟಿನಿಂದಲೇ ಅರ್ಧ ರೊಟ್ಟಿ, ಪುಂಡಿಪಲ್ಯ ಎತ್ತಿ ಹಾಕಿ, "ಅನ್ನ ಆಗಿಲ್ಲ, ಇದನ್ನ ಉಣ್ರಿ" ಎಂದು ಗದರಿದರು. ಪಾಹುಣ್ಯಾ ಪದವಿ ಹೋದದ್ದು ಹೀಗೆ ತಿಳಿಯುತ್ತದೆ.

ಸಾಮಾನ್ಯ ದೋಷ: "ಯಾವಾಗ ಬಂದಿ?" ಎಂಬುದು ಪ್ರಶ್ನೆಯ ಅರ್ಧ. ಉಳಿದರ್ಧ "ಎಂದ ಹೊಂಟಿ?" ಇದಕ್ಕೆ "ಹೋಗಂಗಿಲ್ಲ" ಎಂದರೆ ಸಾಲ ಮಾಡಿ ಓಡಿ ಬಂದಿದ್ದಾನೆ ಎನ್ನುತ್ತಾರೆ. "ನೋಡೂಣು" ಎಂದರೆ ಹೆಂಡತಿ ಕೂಡ ಜಗಳ ಎನ್ನುತ್ತಾರೆ. ಎಳ್ಳ ಅಮಾಸಿಯ ತನಕ ತಡೆದುಕೊಳ್ಳಿ. ಚರಗದ ಬುಟ್ಟಿ ನಿಮ್ಮ ತಲೆಯ ಮೇಲಿದ್ದಾಗ ಯಾರೂ ಕೇಳುವುದಿಲ್ಲ.

ನನ್ನನ್ನೂ ಆ ದಿನ ಯಾರೂ ಕೇಳಲಿಲ್ಲ. ಹೊಲದಲ್ಲಿ ಭಜ್ಜಿಪಲ್ಯ ಉಂಡು ಕೈ ತೊಳೆಯುವಾಗ ಬಾಜೂ ಮನೆಯ ಹುಡುಗ ಮೆಲ್ಲಗೆ ಹತ್ತಿರ ಬಂದ. ಈ ವರ್ಷ ಪಿಯುಸಿ ಮುಗಿಸಿದವನು.

"ಕಾಕಾ, ಬೆಂಗಳೂರಾಗಿನ ನಿನ್ನ ಖೋಲಿ ಇನ್ನೂ ಖಾಲಿ ಐತೇನು?"